ಡೌರೊ ನದಿಯ ನಕ್ಷೆ ಬರೆದ ಹೊರಗಿನವ

ಪೋರ್ಚುಗಲ್‌ನ ಡೌರೊ ನದಿಯಲ್ಲಿ 1861ರ ಮೇ 12ರಂದು ಒಂದು ದೋಣಿ ಮಗುಚಿತು. ಅದರಲ್ಲಿದ್ದ ಇಬ್ಬರು ಆ ಸೀಮೆಗೆಲ್ಲ ಪರಿಚಿತರು. ಒಬ್ಬಾಕೆ ಹಲವು ದ್ರಾಕ್ಷಿತೋಟಗಳ ಒಡತಿ ಡೋನಾ ಆಂಟೋನಿಯಾ ಫೆರೇರಾ. ಇನ್ನೊಬ್ಬ ಇಂಗ್ಲೆಂಡಿನಿಂದ ಬಂದು ಅಲ್ಲೇ ನೆಲೆಸಿದ್ದ ವೈನ್ ವ್ಯಾಪಾರಿ ಜೋಸೆಫ್ ಜೇಮ್ಸ್ ಫಾರೆಸ್ಟರ್. ಆಕೆ ಬದುಕುಳಿದಳು. ಫಾರೆಸ್ಟರ್‌ನ ದೇಹವೂ ಸಿಗಲಿಲ್ಲ. ಆ ನದಿಯ ತಿರುವು, ಬಂಡೆ, ಸೆಳೆತಗಳನ್ನೆಲ್ಲ ಅಳೆದು ದೊಡ್ಡ ನಕ್ಷೆ ಬರೆದಿದ್ದವನು ಆತನೇ.

ಪುಣೆಯ ಪ್ರಯೋಗಾಲಯವೊಂದರಲ್ಲಿ ಆಹಾರ ಮತ್ತು ಪಾನೀಯಗಳನ್ನು ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡು. ಲೇಬಲ್ ಮೇಲೆ ಬರೆದದ್ದು ಸೀಸೆಯೊಳಗೆ ಇದೆಯೇ ಎಂದು ನೋಡುವ ಕೆಲಸ. ಜೇನುತುಪ್ಪ, ಅಡುಗೆ ಎಣ್ಣೆ, ಹಣ್ಣಿನ ರಸ, ಒಮ್ಮೊಮ್ಮೆ ಮದ್ಯ. ಪೋರ್ಟ್ ವೈನ್ ಪೀಪಾಯಿಯಲ್ಲಿ ಮಾಗಿಸಿದ ಸಿಂಗಲ್ ಮಾಲ್ಟ್ ವಿಸ್ಕಿ ಎಂಬ ಮಾತು ನನ್ನ ಕಣ್ಣಿಗೆ ಬಿದ್ದದ್ದು ಹೀಗೆ ಕೆಲಸದ ನಡುವೆ. ಬಾರ್ಲಿಯಿಂದ ಮಾಡಿದ ವಿಸ್ಕಿಗೂ ದ್ರಾಕ್ಷಿಯಿಂದ ಮಾಡಿದ ಪೋರ್ಟ್‌ಗೂ ಏನು ನಂಟು ಎಂದು ಹುಡುಕುತ್ತಾ ಹೋದರೆ ಈ ಫಾರೆಸ್ಟರ್ ಸಿಕ್ಕಿದ. ಕುಡಿಯಿರಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಪೀಪಾಯಿಯೊಳಗೆ ಏನಿದೆ ಎಂದು ಕೇಳಿದ್ದಕ್ಕೆ ತನ್ನವರನ್ನೇ ಎದುರುಹಾಕಿಕೊಂಡ ಒಬ್ಬ ವಲಸಿಗನ ಕಥೆ ಎಂದು ಓದಿಕೊಳ್ಳಿ.

ಹಲ್‌ನಿಂದ ಪೋರ್ಟೊಗೆ

ಫಾರೆಸ್ಟರ್ ಹುಟ್ಟಿದ್ದು 1809ರಲ್ಲಿ, ಇಂಗ್ಲೆಂಡಿನ ಹಲ್ ಎಂಬ ಬಂದರು ಊರಿನಲ್ಲಿ. ತಂದೆ ತಾಯಿ ಸ್ಕಾಟ್ಲೆಂಡ್ ಮೂಲದವರು. ಚಿಕ್ಕಪ್ಪ ಜೇಮ್ಸ್ ಫಾರೆಸ್ಟರ್ ಆಗಲೇ ಪೋರ್ಚುಗಲ್‌ನ ಪೋರ್ಟೊ ನಗರದಲ್ಲಿ ವೈನ್ ವ್ಯಾಪಾರದ ಸಂಸ್ಥೆಯೊಂದರಲ್ಲಿ ಪಾಲುದಾರ. ಆಫ್ಲಿ ಎಂಬ ಹೆಸರಿನ ಆ ಹಳೆಯ ಮನೆತನದ ಸಂಸ್ಥೆ ಶುರುವಾದದ್ದು 1737ರಲ್ಲಿ. 1831ರಲ್ಲಿ ಹುಡುಗ ಚಿಕ್ಕಪ್ಪನ ಬಳಿಗೆ ಹೊರಟ. ನಮ್ಮ ಕಡೆಯಿಂದ ಮುಂಬೈಗೆ ಬಂದು ಉಡುಪಿ ಹೋಟೆಲುಗಳಲ್ಲಿ ನೆಲೆ ಕಂಡವರ ಕಥೆಯೂ ಬಹುತೇಕ ಹೀಗೇ ಅಲ್ಲವೇ? ಮೊದಲು ಒಬ್ಬ ಚಿಕ್ಕಪ್ಪನೋ ಸೋದರಮಾವನೋ ಹೋಗಿರುತ್ತಾನೆ, ಹಿಂದೆಯೇ ಒಬ್ಬ ಹುಡುಗ ಗಂಟುಮೂಟೆ ಕಟ್ಟುತ್ತಾನೆ.

ಪೋರ್ಟೊದಲ್ಲಿ ಆಗ ಇಂಗ್ಲಿಷರದೇ ಒಂದು ಲೋಕ. 1703ರ ಮೆಥುಯೆನ್ ಒಪ್ಪಂದದಿಂದ ಪೋರ್ಚುಗಲ್‌ನ ವೈನಿಗೆ ಇಂಗ್ಲೆಂಡಿನಲ್ಲಿ ಫ್ರೆಂಚ್ ವೈನಿಗಿಂತ ಕಡಿಮೆ ಸುಂಕ ಬಿತ್ತು. ಫ್ರಾನ್ಸ್ ಜೊತೆ ಆಗಾಗ ಯುದ್ಧ ಬೇರೆ. ಹಾಗಾಗಿ ಡೌರೊ ಕಣಿವೆಯ ಕೆಂಪು ವೈನು ಲಂಡನ್ನಿನ ಊಟದ ಮೇಜಿಗೆ ಬಂತು. ಅದನ್ನು ಕೊಂಡು, ಪೀಪಾಯಿಗೆ ತುಂಬಿ, ಹಡಗಿಗೆ ಏರಿಸುವ ಇಂಗ್ಲಿಷ್ ಮತ್ತು ಸ್ಕಾಟಿಷ್ ಮನೆತನಗಳು ಪೋರ್ಟೊದಲ್ಲಿ ತಳವೂರಿದವು. ಅವರದೇ ಬೀದಿ, ಅವರದೇ ಸಭೆಯ ಮನೆ, ಅವರದೇ ಊಟ. ಅವರಲ್ಲಿ ಅನೇಕರು ವರ್ಷಗಟ್ಟಲೆ ಊರಲ್ಲಿದ್ದರೂ ದ್ರಾಕ್ಷಿ ಬೆಳೆಯುವ ಮೇಲಿನ ಕಣಿವೆಗೆ ಹೋಗುವುದು ಅಪರೂಪ.

ಫಾರೆಸ್ಟರ್ ಬಂದ ಮರುವರ್ಷವೇ ಊರಿಗೆ ಯುದ್ಧ ಬಂತು. ರಾಜಸಿಂಹಾಸನಕ್ಕಾಗಿ ಅಣ್ಣ ಪೆಡ್ರೊ, ತಮ್ಮ ಮಿಗೆಲ್ ನಡುವೆ ಜಗಳ. 1832ರ ಜುಲೈನಿಂದ 1833ರ ಆಗಸ್ಟ್‌ವರೆಗೆ ಪೋರ್ಟೊಗೆ ಮುತ್ತಿಗೆ. ನದಿಯ ಆಚೆ ದಡದಲ್ಲಿ ವಿಲಾ ನೋವಾ ದ ಗಾಯಾ ಎಂಬ ಊರಿದೆ. ವೈನ್ ಪೀಪಾಯಿಗಳನ್ನು ವರ್ಷಗಟ್ಟಲೆ ಇಡುವ ಉಗ್ರಾಣಗಳೆಲ್ಲ ಇರುವುದು ಅಲ್ಲಿ. ಸೋತು ಹಿಂದೆ ಸರಿಯುತ್ತಿದ್ದ ಮಿಗೆಲ್‌ನ ಸೈನ್ಯ ಅಲ್ಲಿದ್ದ ದೊಡ್ಡ ವೈನ್ ಕಂಪನಿಯ ಉಗ್ರಾಣಗಳಿಗೆ ಬೆಂಕಿ ಇಟ್ಟಿತು. ವೈನು ಬೀದಿಯಲ್ಲಿ ಹರಿದು ನದಿಗೆ ಸೇರಿತು. ಅಂಥ ಊರಿನಲ್ಲಿ ಫಾರೆಸ್ಟರ್ ತನ್ನ ವ್ಯಾಪಾರ ಕಲಿತ.

ಆತನಿಗೆ ಚಿತ್ರ ಬರೆಯುವ ಕೈ ಇತ್ತು. ವ್ಯಾಪಾರಿಗಳೆಲ್ಲ ಬೀದಿಯಲ್ಲಿ ನಿಂತು ಮಾತಾಡುತ್ತಾ ವ್ಯವಹಾರ ನಡೆಸುವುದು ಪೋರ್ಟೊದ ರೂಢಿ. ಇಂಗ್ಲಿಷರ ಹೊಸ ಬೀದಿ ಎಂದು ಹೆಸರಾಗಿದ್ದ ಆ ಜಾಗದಲ್ಲಿ ಯಾರು ಯಾರು ಹೇಗೆ ನಿಲ್ಲುತ್ತಿದ್ದರು ಎಂದು ಮುಖ ಗುರುತಾಗುವಂತೆ 1834ರಲ್ಲಿ ಆತ ಬರೆದ ಚಿತ್ರ ಇಂದಿಗೂ ಪೋರ್ಟ್ ವ್ಯಾಪಾರದ ಇತಿಹಾಸ ಹೇಳುವವರಿಗೆ ಆಧಾರ. ಮುಂದೆ ಫೋಟೊಗ್ರಫಿ ಬಂದಾಗ ಪೋರ್ಚುಗಲ್‌ನಲ್ಲಿ ಅದನ್ನು ಕೈಗೆತ್ತಿಕೊಂಡ ಮೊದಲಿಗರಲ್ಲಿ ಆತನೂ ಒಬ್ಬ. ನೋಡಿದ್ದನ್ನು ನೋಡಿದ ಹಾಗೆ ದಾಖಲಿಸುವ ಚಟ ಅದು. ನನ್ನಂಥ ಪರೀಕ್ಷಕರಿಗೆ ಅದು ತಕ್ಷಣ ಅರ್ಥವಾಗುತ್ತದೆ.

ನದಿಯ ಮೇಲೆ ಕಳೆದ ವರ್ಷಗಳು

ಡೌರೊ ಸ್ಪೇನಿನಲ್ಲಿ ಹುಟ್ಟಿ, ಸುಮಾರು 900 ಕಿಲೋಮೀಟರ್ ಹರಿದು, ಪೋರ್ಟೊ ಬಳಿ ಅಟ್ಲಾಂಟಿಕ್ ಸಾಗರ ಸೇರುತ್ತದೆ. ವೈನ್ ಬೆಳೆಯುವ ಸೀಮೆ ಪೋರ್ಟೊದಿಂದ ಮೇಲಕ್ಕೆ, ಬೆಟ್ಟಗಳ ಆಚೆ ಇದೆ. ಅಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಪದರು ಪದರಾಗಿ ಸೀಳುವ ಶಿಸ್ಟ್ ಕಲ್ಲನ್ನು ಒಡೆದು, ಅದೇ ಕಲ್ಲಿನಿಂದ ತಡೆಗೋಡೆ ಕಟ್ಟಿ, ಬೆಟ್ಟದ ಇಳಿಜಾರನ್ನು ಮೆಟ್ಟಿಲು ಮಾಡಿ ಬಳ್ಳಿ ನೆಡುತ್ತಾರೆ. ಬೇಸಿಗೆಯಲ್ಲಿ ಕಾವಲಿಯ ಮೇಲೆ ನಿಂತಂಥ ಬಿಸಿಲು, ಚಳಿಗಾಲದಲ್ಲಿ ಕೊರೆಯುವ ಚಳಿ.

ರೈಲು ಬರುವ ಮುನ್ನ ಅಲ್ಲಿಂದ ವೈನ್ ತರುವ ದಾರಿ ಎಂದರೆ ನದಿಯೇ. ರಬೇಲೊ ಎಂಬ ಚಪ್ಪಟೆ ತಳದ ದೋಣಿ. ಅದಕ್ಕೊಂದು ಚೌಕ ಪಟ, ಹಿಂದೆ ಉದ್ದನೆಯ ಚುಕ್ಕಾಣಿ ಹುಟ್ಟು. ಅದನ್ನು ಹಿಡಿಯುವವನು ನಿಲ್ಲಲು ಎತ್ತರದ ಅಟ್ಟ. ಪೀಪಾಯಿ ತುಂಬಿಕೊಂಡು ಕೆಳಕ್ಕೆ ಬರುವಾಗ ನೀರಿನ ರಭಸವೇ ಎಂಜಿನ್, ಬಂಡೆಯೇ ಯಮ. ಮೇಲಕ್ಕೆ ಹೋಗುವಾಗ ಗಾಳಿ ಇಲ್ಲದಿದ್ದರೆ ದಡದಿಂದ ಹಗ್ಗ ಕಟ್ಟಿ ಎಳೆಯಬೇಕು. ಮುಳುಗಿದ ದೋಣಿಗಳಿಗೆ, ಹೋದ ಜೀವಗಳಿಗೆ ಲೆಕ್ಕವಿಲ್ಲ.

ಫಾರೆಸ್ಟರ್ ಈ ದೋಣಿಗಳಲ್ಲಿ ಮತ್ತೆ ಮತ್ತೆ ಮೇಲಕ್ಕೆ ಹೋದ. ಪೋರ್ಚುಗೀಸ್ ಭಾಷೆ ಚೆನ್ನಾಗಿ ಕಲಿತ. ರೈತರ ಮನೆಯಲ್ಲಿ ಕುಳಿತ, ಪಾದ್ರಿಗಳೊಂದಿಗೆ ಮಾತಾಡಿದ, ಅಳೆದ, ಬರೆದ. ವರ್ಷಗಳ ಈ ದುಡಿಮೆಯ ಫಲವಾಗಿ 1848ರಲ್ಲಿ ಡೌರೊ ನದಿಯ ನಕ್ಷೆ ಪ್ರಕಟವಾಯಿತು. ಸ್ಪೇನಿನ ವಿಲ್ವೆಸ್ತ್ರೆಯಿಂದ ಸಮುದ್ರ ಸೇರುವ ಜಾಗದವರೆಗಿನ ನದಿ ಅದರಲ್ಲಿತ್ತು. ಜೊತೆಗೆ ವೈನ್ ಸೀಮೆಯ ಇನ್ನೊಂದು ನಕ್ಷೆ, ಭೂಗರ್ಭದ ವಿವರಗಳು. ಪೋರ್ಚುಗಲ್ ಸರ್ಕಾರ ನದಿಯ ನಕ್ಷೆಯನ್ನು ದೇಶದ ಅಧಿಕೃತ ಕೃತಿಯಾಗಿ ಒಪ್ಪಿಕೊಂಡಿತು. ವೈನ್ ಸೀಮೆಯ ನಕ್ಷೆಯನ್ನು 1852ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಸಮಿತಿಯೊಂದು ಮರುಮುದ್ರಣ ಮಾಡಿಸಿತು.

ಇಲ್ಲಿ ಒಂದು ಮಾತು. ಹೊರನಾಡಿನಲ್ಲಿ ನೆಲೆಸಿದ ನಮಗೆ ಎರಡು ದಾರಿ ಇರುತ್ತದೆ. ನಮ್ಮ ಸಂಘ, ನಮ್ಮ ಭಾಷೆ, ನಮ್ಮ ಊಟ ಎಂದು ಒಂದು ಬೀದಿಯೊಳಗೆ ಬದುಕಿಬಿಡಬಹುದು. ಅದರಲ್ಲಿ ತಪ್ಪೇನಿಲ್ಲ, ನಾನೂ ಪ್ರತಿ ರಾಜ್ಯೋತ್ಸವಕ್ಕೆ ಕನ್ನಡ ಸಂಘದಲ್ಲಿ ಕೋಸಂಬರಿ ಹಂಚುವವನೇ. ಇನ್ನೊಂದು, ಆಶ್ರಯ ಕೊಟ್ಟ ನೆಲವನ್ನು ಅದರ ಮೂಲದವರೆಗೂ ಹೋಗಿ ನೋಡುವುದು. ಫಾರೆಸ್ಟರ್ ಎರಡನೆಯ ದಾರಿ ಹಿಡಿದ. ನೋಡಿದ ಮೇಲೆ ಸುಮ್ಮನಿರುವುದು ಕಷ್ಟ.

ಪೀಪಾಯಿಯೊಳಗೆ ಏನಿದೆ?

1844ರಲ್ಲಿ ಲೇಖಕರ ಹೆಸರಿಲ್ಲದ ಒಂದು ಕಿರುಹೊತ್ತಿಗೆ ಹೊರಬಂತು. ಪೋರ್ಟ್ ವೈನ್ ಬಗ್ಗೆ ಒಂದೆರಡು ಮಾತು ಎಂಬ ಅರ್ಥದ ಹೆಸರು ಅದಕ್ಕೆ. ಬರೆದವನು ಫಾರೆಸ್ಟರ್ ಎಂಬುದು ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ.

ಅದರಲ್ಲಿ ಆತ ಹೇಳಿದ್ದು ಇಷ್ಟು. ಇಂಗ್ಲೆಂಡಿಗೆ ಹೋಗುತ್ತಿರುವ ಪೋರ್ಟ್‌ನಲ್ಲಿ ದ್ರಾಕ್ಷಿಯ ನಿಜವಾದ ಗುಣ ಉಳಿದಿಲ್ಲ. ಬಣ್ಣ ಕಪ್ಪಗೆ ಕಾಣಲಿ ಎಂದು ಎಲ್ಡರ್‌ಬೆರಿ ಎಂಬ ಕಾಡುಹಣ್ಣನ್ನು ಸೇರಿಸುತ್ತಾರೆ. ಸಿಹಿಗೆಂದು ಸಕ್ಕರೆ ಅಂಶ ಬೆರೆಸುತ್ತಾರೆ. ಎಲ್ಲಕ್ಕಿಂತ ಮೇಲಾಗಿ, ದ್ರಾಕ್ಷಿರಸ ಪೂರ್ತಿ ಹುದುಗಿ ವೈನಾಗುವ ಮೊದಲೇ ಅದಕ್ಕೆ ಬ್ರಾಂದಿ ಸುರಿದು ಹುದುಗುವುದನ್ನು ನಿಲ್ಲಿಸುತ್ತಾರೆ. ಕಪ್ಪಗೆ, ದಪ್ಪಗೆ, ಸಿಹಿಯಾಗಿ, ತಲೆಗೇರುವಂತೆ ಇದ್ದರೇ ಪೋರ್ಟ್ ಎಂದು ವ್ಯಾಪಾರಿಗಳು ಕೇಳುತ್ತಾರೆ. ಅಧಿಕೃತ ರುಚಿ ನೋಡುವವರೂ ಅಂಥದ್ದಕ್ಕೇ ರಫ್ತಿನ ದರ್ಜೆ ಕೊಡುತ್ತಾರೆ. ಶುದ್ಧವಾಗಿ ಮಾಡಿದ ರೈತನ ವೈನು ಮಾರಾಟವಾಗದೆ ಉಳಿಯುತ್ತದೆ. ಹಾಗಾಗಿ ಅವನೂ ಬೆರೆಸಲು ಕಲಿಯುತ್ತಾನೆ.

ಈ ಕಲಬೆರಕೆ ಹೊಸದೇನೂ ಅಲ್ಲ. ನೂರು ವರ್ಷ ಹಿಂದೆಯೇ ಇದೇ ದೂರು ಎದ್ದಿತ್ತು. ಆಗ ಪೋರ್ಚುಗಲ್‌ನ ಬಲಿಷ್ಠ ಮಂತ್ರಿ ಪೊಂಬಾಲ್ 1756ರಲ್ಲಿ ಒಂದು ಕಂಪನಿ ಸ್ಥಾಪಿಸಿ, ಯಾವ ಸೀಮೆಯ ವೈನನ್ನು ಪೋರ್ಟ್ ಎಂದು ರಫ್ತು ಮಾಡಬಹುದು ಎಂದು ಗ್ರಾನೈಟ್ ಕಲ್ಲು ನೆಟ್ಟು ಗಡಿ ಹಾಕಿಸಿದ. ಬಣ್ಣಕ್ಕೆ ಬಳಸುವ ಎಲ್ಡರ್‌ಬೆರಿ ಗಿಡಗಳನ್ನು ಕೀಳಿಸಿದ. ಭೌಗೋಳಿಕ ಗುರುತು ಎಂದು ಈಗ ನಾವು ಮೈಸೂರು ಮಲ್ಲಿಗೆಗೋ ಕೊಡಗಿನ ಕಿತ್ತಳೆಗೋ ಕೊಡುವ ಮಾನ್ಯತೆ ಇದೆಯಲ್ಲ, ಅದರ ಹಳೆಯ ಪೂರ್ವಜರಲ್ಲಿ ಡೌರೊದ ಈ ಗಡಿಕಲ್ಲುಗಳೂ ಸೇರುತ್ತವೆ. ಆದರೆ ಕಾಯಿದೆ ಬಂದ ಮೇಲೂ ಬೇಡಿಕೆ ಬದಲಾಗದಿದ್ದರೆ ಬೆರಕೆ ಹಿಂಬಾಗಿಲಿನಿಂದ ಬರುತ್ತದೆ. ಫಾರೆಸ್ಟರ್ ಕಾಲಕ್ಕೆ ಆದದ್ದು ಅದೇ.

ಕಿರುಹೊತ್ತಿಗೆ ಕಿಡಿ ಹೊತ್ತಿಸಿತು. ಪೋರ್ಟೊದ ಇಂಗ್ಲಿಷ್ ವ್ಯಾಪಾರಿಗಳಲ್ಲಿ ಬಹುಪಾಲು ಜನ ತಿರುಗಿಬಿದ್ದರು. ಉತ್ತರ, ಪ್ರತ್ಯುತ್ತರವಾಗಿ ಹೊತ್ತಿಗೆಗಳ ಮೇಲೆ ಹೊತ್ತಿಗೆ ಬಂದವು. ಆತನ ಸಂಸ್ಥೆಯೂ ಇದೇ ವ್ಯಾಪಾರದಲ್ಲಿತ್ತು, ಹಾಗಾಗಿ ಈ ಉಪದೇಶ ಯಾಕೆ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಅತ್ತ ಮೇಲಿನ ಕಣಿವೆಯಲ್ಲಿ ಚಿತ್ರ ಬೇರೆ. ಅಲ್ಲಿನ ಹಲವಾರು ಹಳ್ಳಿಗಳ ರೈತರು, ಪಾದ್ರಿಗಳು ಫಾರೆಸ್ಟರ್‌ಗೆ ಕೃತಜ್ಞತೆಯ ಪತ್ರಗಳನ್ನು ಬರೆದರು. ಬೀದಿಯವರು ದೂರವಾದರು, ಬೆಟ್ಟದವರು ಹತ್ತಿರವಾದರು.

ಇಂಥ ವಿಷಯದಲ್ಲಿ ನಷ್ಟ ಹೇಗೆ ಬರುತ್ತದೆ ಎಂಬುದು ನನಗೆ ಚೂರು ಗೊತ್ತು. ಹಿಂದೆ ನಾನಿದ್ದ ಒಂದು ಪ್ರಯೋಗಾಲಯಕ್ಕೆ ಒಂದು ಕಂಪನಿಯ ಜೇನುತುಪ್ಪ ಬರುತ್ತಿತ್ತು. ಒಂದು ಸ್ಯಾಂಪಲ್‌ನಲ್ಲಿ ಸಕ್ಕರೆ ಪಾಕದ ಗುರುತು ಸಿಕ್ಕಿತು. ವರದಿಯ ಭಾಷೆಯನ್ನು ಸ್ವಲ್ಪ ಮೆತ್ತಗೆ ಮಾಡಿ ಎಂಬ ಕೋರಿಕೆ ಬಂತು. ಇದ್ದದ್ದನ್ನು ಇದ್ದ ಹಾಗೇ ಬರೆದು ಕಳಿಸಿದೆವು. ಯಾರೂ ಬೈಯಲಿಲ್ಲ, ಬೆದರಿಸಲಿಲ್ಲ. ಮುಂದಿನ ತಿಂಗಳಿಂದ ಆ ಕಂಪನಿಯ ಸ್ಯಾಂಪಲ್‌ಗಳು ಬರುವುದು ನಿಂತಿತು, ಅಷ್ಟೇ. ನನಗೆ ಹೋದದ್ದು ಒಂದು ಗಿರಾಕಿ. ಫಾರೆಸ್ಟರ್‌ಗೆ ಹೋದದ್ದು ಪ್ರತಿದಿನ ಬೀದಿಯಲ್ಲಿ ಎದುರಾಗುವ ತನ್ನವರ ವಿಶ್ವಾಸ.

ಬಿರುದು ಬಂದರೂ

1847ರಲ್ಲಿ ಹೆಂಡತಿ ಎಲೈಜಾ ತೀರಿಕೊಂಡಳು. ಆತ ಕೆಲಸ ಬಿಡಲಿಲ್ಲ. 1852ರಲ್ಲಿ ಬ್ರಿಟನ್ನಿನ ಸಂಸತ್ತಿನ ಸಮಿತಿಯ ಮುಂದೆ ವೈನ್ ಸುಂಕದ ವಿಚಾರದಲ್ಲಿ ಸಾಕ್ಷ್ಯ ಹೇಳಿದ. ಪೋರ್ಚುಗಲ್ ಬಗ್ಗೆ ಬರೆದ ಪ್ರಬಂಧಕ್ಕೆ ಬಹುಮಾನ ಬಂತು. ಅದೇ ಕಾಲಕ್ಕೆ ಓಯ್ಡಿಯಮ್ ಎಂಬ ಬೂದಿರೋಗ ದ್ರಾಕ್ಷಿಬಳ್ಳಿಗೆ ಬಿತ್ತು. ಡೌರೊದ ಫಸಲು ನೆಲಕಚ್ಚಿತು. ಬಳ್ಳಿಯ ರೋಗಗಳ ಬಗ್ಗೆಯೂ ಆತ ಅಧ್ಯಯನ ಮಾಡಿ ಬರೆದ.

1855ರಲ್ಲಿ ಪೋರ್ಚುಗಲ್‌ನ ಅರಮನೆ ಆತನಿಗೆ ಬ್ಯಾರನ್ ಪದವಿ ಕೊಟ್ಟಿತು. ಇಂದಿಗೂ ಅಲ್ಲಿ ಆತನನ್ನು ಕರೆಯುವುದು ಬ್ಯಾರನ್ ಫಾರೆಸ್ಟರ್ ಎಂದೇ. ಪದವಿ ಬಂತು, ನಕ್ಷೆಗೆ ಮಾನ್ಯತೆ ಬಂತು, ಚಿತ್ರಗಳಿಗೆ ಹೆಸರು ಬಂತು. ಆದರೆ ಯಾವುದಕ್ಕಾಗಿ ಆತ ಅಷ್ಟು ಹೋರಾಡಿದನೋ ಅದು ಬರಲಿಲ್ಲ. ಪೋರ್ಟ್‌ಗೆ ಬ್ರಾಂದಿ ಹಾಕುವುದು ನಿಲ್ಲಲಿಲ್ಲ.

ವಲೇರಾದ ಸೆಳೆತ

ಮೇಲಿನ ಡೌರೊದಲ್ಲಿ ಕಶಾವು ದ ವಲೇರಾ ಎಂಬ ಇಕ್ಕಟ್ಟಾದ ಕಮರಿ ಇದೆ. ಹಿಂದೆ ಅಲ್ಲಿ ನದಿಗೆ ಅಡ್ಡವಾಗಿ ಬಂಡೆಗಳ ರಾಶಿ ಇತ್ತು. ಅದರಾಚೆ ದೋಣಿ ಹೋಗುತ್ತಲೇ ಇರಲಿಲ್ಲ. 1780ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಂಡೆ ಒಡೆದು ದಾರಿ ಮಾಡಿದರು. ಆದರೂ ಅಲ್ಲಿನ ಸೆಳೆತ ಭಯಂಕರ. ನದಿಯನ್ನು ಅಷ್ಟು ಓಡಾಡಿ ಅಳೆದ ಫಾರೆಸ್ಟರ್‌ಗೆ ಆ ಜಾಗ ಹೊಸದೇನಲ್ಲ.

1861ರ ಆ ಮೇ ದಿನ ಆತ ಫೆರೇರಾ ಮನೆತನದ ವೆಸೂವಿಯೊ ತೋಟದ ಅತಿಥಿ. ಡೋನಾ ಆಂಟೋನಿಯಾ, ಆಕೆಯ ಗಂಡ, ಜೊತೆಗೆ ಇತರರು ದೋಣಿಯಲ್ಲಿ ಕೆಳಕ್ಕೆ ಹೊರಟಿದ್ದರು. ಮಳೆಯಿಂದ ತುಂಬಿದ ನದಿ. ವಲೇರಾದಲ್ಲಿ ದೋಣಿ ಮಗುಚಿತು. ಆಂಟೋನಿಯಾ ಮತ್ತು ಗಂಡ ದಡ ಸೇರಿದರು. ಆ ಕಾಲದ ಹೆಂಗಸರು ಉಡುತ್ತಿದ್ದ ಬಳೆಗಟ್ಟಿದ ಅಗಲ ಲಂಗದಲ್ಲಿ ಗಾಳಿ ತುಂಬಿಕೊಂಡು ಆಕೆ ತೇಲಿದಳು, ಸೊಂಟದ ಪಟ್ಟಿಯಲ್ಲಿ ಕಟ್ಟಿಕೊಂಡಿದ್ದ ಚಿನ್ನದ ನಾಣ್ಯಗಳ ಭಾರಕ್ಕೆ ಈತ ಮುಳುಗಿದ ಎಂದು ಕಣಿವೆಯ ಜನ ಇಂದಿಗೂ ಹೇಳುತ್ತಾರೆ. ಅದು ಜನರ ಬಾಯಿಯ ಕಥೆ. ದೇಹ ಸಿಗಲಿಲ್ಲ ಎಂಬುದು ಮಾತ್ರ ನಿಜ. ಆಗ ಆತನ ವಯಸ್ಸು 51.

ಆಂಟೋನಿಯಾ ಮುಂದೆ 35 ವರ್ಷ ಬದುಕಿದಳು. ತೋಟಗಳನ್ನು ಬೆಳೆಸಿ, ಕಷ್ಟದ ಕಾಲದಲ್ಲಿ ರೈತರ ಕೈ ಹಿಡಿದು, 1896ರಲ್ಲಿ ಸಾಯುವ ಹೊತ್ತಿಗೆ ಡೌರೊದ ತಾಯಿಯಂತೆ ಆಗಿದ್ದಳು. ಆಕೆ ಬೆಳೆಸಿದ ಮನೆತನದ ಪೋರ್ಟ್ ಬ್ರಾಂದಿ ಸೇರಿದ ಪೋರ್ಟೇ. ಅತಿಥಿಯ ವಾದವನ್ನು ಕಾಲ ಒಪ್ಪಲಿಲ್ಲ.

ಸೋತ ವಾದ, ಉಳಿದ ಮರ

ಇನ್ನು ವಿಸ್ಕಿಗೆ ಬರೋಣ. ಇಂದಿನ ಪೋರ್ಟ್ ಮಾಡುವ ಕ್ರಮ ಫಾರೆಸ್ಟರ್ ವಿರೋಧಿಸಿದ ಕ್ರಮವೇ. ದ್ರಾಕ್ಷಿರಸ ಹುದುಗುತ್ತಿರುವಾಗ, ಅದರಲ್ಲಿ ಇನ್ನೂ ಸಾಕಷ್ಟು ಸಕ್ಕರೆ ಉಳಿದಿರುವಾಗಲೇ 77 ಶೇಕಡಾ ಬಲದ ದ್ರಾಕ್ಷಿ ಮದ್ಯಸಾರವನ್ನು ಸೇರಿಸುತ್ತಾರೆ. ಒಟ್ಟು ಪ್ರಮಾಣದಲ್ಲಿ ಸುಮಾರು ಐದನೇ ಒಂದು ಪಾಲು ಇದೇ. ಹುದುಗಿಸುವ ಯೀಸ್ಟ್ ಸಾಯುತ್ತದೆ, ಸಿಹಿ ಹಾಗೇ ಉಳಿಯುತ್ತದೆ. ಸುಮಾರು 20 ಶೇಕಡಾ ಮದ್ಯಸಾರದ ಸಿಹಿ ವೈನ್ ಅದು. ಅದರಲ್ಲಿ ಒಂದು ಬಗೆಯನ್ನು ಪೈಪ್ ಎಂದು ಕರೆಯುವ ಉದ್ದನೆಯ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಡೌರೊದ ಪೈಪ್ ಎಂದರೆ 550 ಲೀಟರ್.

ಮನೆಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಹಾಕಿದ ಮರದ ಮರಿಗೆಯನ್ನೋ ಭರಣಿಯ ಮುಚ್ಚಳವನ್ನೋ ನೆನಪು ಮಾಡಿಕೊಳ್ಳಿ. ಎಷ್ಟು ತೊಳೆದರೂ ಮರ ವಾಸನೆ ಬಿಡುವುದಿಲ್ಲ. ಓಕ್ ಹಲಗೆಯೂ ಹಾಗೆಯೇ. ಪೀಪಾಯಿ ಖಾಲಿ ಎಂದು ನಮಗೆ ಕಂಡರೂ ಹಲಗೆಯ ಒಳಗೆ ಹಲವು ಲೀಟರ್ ವೈನು ಹೀರಿಕೊಂಡಿರುತ್ತದೆ. ಅದರಲ್ಲಿ ದ್ರಾಕ್ಷಿಯ ಬಣ್ಣ, ಸಕ್ಕರೆ, ಹಣ್ಣಿನ ಆಮ್ಲ ಎಲ್ಲ ಇರುತ್ತದೆ. ಅಂಥ ಪೀಪಾಯಿಗೆ ಸುಮಾರು 60 ಶೇಕಡಾ ಬಲದ ವಿಸ್ಕಿ ತುಂಬಿದರೆ ಅದು ಹಲಗೆಯೊಳಗೆ ಹೋಗಿ ಬಂದು ಈ ಎಲ್ಲವನ್ನೂ ಎಳೆದು ತರುತ್ತದೆ. ಹೊಂಬಣ್ಣದ ವಿಸ್ಕಿ ನಸುಗೆಂಪಾಗುತ್ತದೆ. ಒಣದ್ರಾಕ್ಷಿ, ಪ್ಲಮ್, ಹಣ್ಣಿನ ಜಾಮ್ ನೆನಪಿಸುವ ರುಚಿ ಬರುತ್ತದೆ.

ಹಿಂದೆ ಇದು ಯಾರೂ ಯೋಜನೆ ಮಾಡಿ ಮಾಡಿದ್ದಲ್ಲ. ವೈನು ಪೀಪಾಯಿಯಲ್ಲೇ ಬ್ರಿಟನ್ನಿಗೆ ಬರುತ್ತಿತ್ತು. ಖಾಲಿ ಪೀಪಾಯಿಯನ್ನು ವಾಪಸ್ ಕಳಿಸುವುದಕ್ಕಿಂತ ವಿಸ್ಕಿ ತುಂಬುವುದು ಅಗ್ಗ. 20ನೇ ಶತಮಾನದಲ್ಲಿ ವೈನನ್ನು ಹುಟ್ಟಿದ ಕಡೆಯೇ ಸೀಸೆಗೆ ತುಂಬುವ ಪದ್ಧತಿ ಬಂದಾಗ ಈ ಪೀಪಾಯಿಗಳು ಸಿಗುವುದು ನಿಂತಿತು. ಸ್ಕಾಚ್ ವಿಸ್ಕಿಯ ಬಹುಪಾಲು ಅಮೆರಿಕದ ಬರ್ಬನ್ ಪೀಪಾಯಿಗಳಿಗೆ ಹೋಯಿತು. ಬರ್ಬನ್‌ಗೆ ಪ್ರತಿ ಸಲವೂ ಹೊಸ, ಒಳಗೆ ಸುಟ್ಟ ಓಕ್ ಪೀಪಾಯಿಯೇ ಬೇಕು ಎಂಬ ಕಾನೂನು ಅಲ್ಲಿದೆ. ಹಾಗಾಗಿ ಒಮ್ಮೆ ಬಳಸಿದ್ದು ಅಗ್ಗದಲ್ಲಿ ಸಿಗುತ್ತದೆ. ಆ ಮೇಲೆ ಬಂದ ಯೋಚನೆಯೇ ಫಿನಿಶಿಂಗ್. ಬರ್ಬನ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗಿದ ವಿಸ್ಕಿಯನ್ನು ಕೊನೆಯ ಕೆಲವು ತಿಂಗಳು ಅಥವಾ ಒಂದೆರಡು ವರ್ಷ ಪೋರ್ಟ್ ಪೀಪಾಯಿಗೆ ವರ್ಗಾಯಿಸುವುದು. 1990ರ ದಶಕದಲ್ಲಿ ಗ್ಲೆನ್‌ಮೊರಾಂಜಿ, ಬಾಲ್ವೆನಿಯಂಥ ಡಿಸ್ಟಿಲರಿಗಳು ಪೋರ್ಟ್ ಮರದಲ್ಲಿ ಮುಗಿಸಿದ ವಿಸ್ಕಿಯನ್ನು ಮಾರುಕಟ್ಟೆಗೆ ತಂದು ಅದನ್ನು ಒಂದು ಬಗೆಯಾಗಿ ನಿಲ್ಲಿಸಿದವು. ಕಾಲ ಮೀರಿದರೆ ಕೆಡುತ್ತದೆ. ಪೋರ್ಟ್ ಮೇಲುಗೈ ಪಡೆದು ಬಾರ್ಲಿಯ ರುಚಿಯೇ ಮುಚ್ಚಿಹೋಗುತ್ತದೆ. ಆದ್ದರಿಂದ ಆಗಾಗ ಸ್ಯಾಂಪಲ್ ತೆಗೆದು ನೋಡಬೇಕು.

ಫಾರೆಸ್ಟರ್‌ನ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ. ವಿಸ್ಕಿಗೆ ಒಂದು ಲೋಟ ಪೋರ್ಟ್ ಸುರಿದರೆ ಅದು ಕಲಬೆರಕೆ. ಪೋರ್ಟ್ ಹೀರಿದ ಹಲಗೆಯಿಂದ ಅದೇ ರಸ ಇಳಿದು ಬಂದರೆ ಮಾಗಿಸುವಿಕೆ. ಇವೆರಡರ ನಡುವಿನ ಗೆರೆ ಎಲ್ಲಿ? ಸ್ಕಾಟ್ಲೆಂಡ್ ಇದಕ್ಕೆ ಕಾನೂನಿನಲ್ಲಿ ಉತ್ತರ ಹುಡುಕಿದೆ. 700 ಲೀಟರ್ ಮೀರದ ಓಕ್ ಪೀಪಾಯಿ, ಕನಿಷ್ಠ ಮೂರು ವರ್ಷ, ನೀರು ಮತ್ತು ಕ್ಯಾರಮೆಲ್ ಬಣ್ಣ ಬಿಟ್ಟು ಬೇರೇನೂ ಸೇರಿಸುವಂತಿಲ್ಲ. 550 ಲೀಟರಿನ ಪೈಪ್ ಇದರೊಳಗೆ ಬರುತ್ತದೆ. ಹಿಂದೆ ಪ್ಯಾಕ್ಸರೆಟ್ ಎಂಬ ಗಾಢವಾದ ಸಿಹಿ ವೈನ್ ಪಾಕವನ್ನು ಒತ್ತಡ ಹಾಕಿ ಹಳೆಯ ಪೀಪಾಯಿಯ ಹಲಗೆಗೆ ತೂರಿಸುವ ರೂಢಿಯಿತ್ತು. ಅದು ಗೆರೆ ದಾಟಿದ್ದು ಎಂದು ಬಿಡಿಸಲಾಯಿತು. ಇಂದು ವಿಸ್ಕಿಗೆ ಬರುವ ಪೋರ್ಟ್ ಪೀಪಾಯಿಗಳೆಲ್ಲ ಹತ್ತಾರು ವರ್ಷ ಪೋರ್ಟ್ ಇಟ್ಟವೇ ಎಂದರೆ ಅದೂ ಅಲ್ಲ. ವಿಸ್ಕಿಗೆಂದೇ ಹೊಸ ಪೀಪಾಯಿ ಮಾಡಿ, ಸ್ವಲ್ಪ ಕಾಲ ಪೋರ್ಟ್ ತುಂಬಿ ಹದ ಮಾಡಿ ಕಳಿಸುವುದೂ ಉಂಟು. ಎರಡಕ್ಕೂ ಲೇಬಲ್ ಮೇಲೆ ಇರುವುದು ಒಂದೇ ಪದ.

ಪರೀಕ್ಷೆ ಮಾಡುವವನಾಗಿ ನನ್ನ ಅಭಿಪ್ರಾಯ ಇದು. ಫಾರೆಸ್ಟರ್ ಎರಡು ಬೇರೆ ಸಂಗತಿಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ. ಒಂದು ಮೋಸ, ಇನ್ನೊಂದು ರುಚಿ. ಎಲ್ಡರ್‌ಬೆರಿಯಿಂದ ಬಣ್ಣ ಕಟ್ಟಿ ಒಳ್ಳೆಯ ದ್ರಾಕ್ಷಿ ಎಂದು ಮಾರುವುದು ಮೋಸ. ಕೊಳ್ಳುವವನಿಗೆ ಅದು ಗೊತ್ತಿಲ್ಲ, ಗೊತ್ತಾದರೆ ಕೊಳ್ಳುವುದಿಲ್ಲ. ಬ್ರಾಂದಿ ಸೇರಿಸುವುದು ಹಾಗಲ್ಲ. ಅದನ್ನು ಮರೆಮಾಚದೆ, ಇಷ್ಟು ಸೇರಿಸಿದ್ದೇವೆ ಎಂದು ಹೇಳಿ, ನಿಯಮ ಮಾಡಿ ಮಾರಿದರೆ ಅದು ಒಂದು ಪಾಕಕ್ರಮ ಅಷ್ಟೇ. ನಮ್ಮ ಮಲೆನಾಡಿನ ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಸುಣ್ಣದ ನೀರು ಹಾಕುತ್ತಾರೆ, ಅದನ್ನು ಯಾರೂ ಕಲಬೆರಕೆ ಎನ್ನುವುದಿಲ್ಲ. ಅದೇ ಜೋನಿ ಬೆಲ್ಲಕ್ಕೆ ಸಕ್ಕರೆ ಪಾಕ ಬೆರೆಸಿ ಮಾರಿದರೆ ಜಗಳವಾಗುತ್ತದೆ. ಏನು ಸೇರಿತು ಎಂಬುದಕ್ಕಿಂತ, ಸೇರಿದ್ದನ್ನು ಹೇಳಿದರೋ ಇಲ್ಲವೋ ಎಂಬುದು ಮುಖ್ಯ. ಮೋಸದ ವಿಷಯದಲ್ಲಿ ಫಾರೆಸ್ಟರ್ ಹೇಳಿದ್ದನ್ನು ಲೋಕ ನಿಧಾನವಾಗಿ ಕಾಯಿದೆ ಮಾಡಿಕೊಂಡಿತು. ರುಚಿಯ ವಿಷಯದಲ್ಲಿ ಆತನನ್ನು ಕೈಬಿಟ್ಟಿತು. ಮತ್ತು ಆತ ಬೇಡವೆಂದ ಬ್ರಾಂದಿ ಉಳಿಸಿದ ಆ ಸಿಹಿಯೇ ಹಲಗೆಗೆ ಇಳಿದು, ಅಲ್ಲಿಂದ ಆತನ ತಂದೆ ತಾಯಿಯ ನಾಡಿನ ವಿಸ್ಕಿಗೆ ಸೇರಿತು.

ಕಂಬೀಪುರದ ಬಿಸಿಲಲ್ಲಿ

ಡೌರೊದ ಪೀಪಾಯಿ ನಮ್ಮ ಊರಿಗೂ ಬಂದಿದೆ. ಬೆಂಗಳೂರಿನ ಮೈಸೂರು ರಸ್ತೆಯ ಕಡೆ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋ ನಗರದಲ್ಲಿ, ಸ್ಕಾಚ್‌ನ ಮನೆಯಂಗಳದಲ್ಲೇ. ಮುಂದೆ ಅದು ಪೋರ್ಟೊನೋವಾ ಎಂಬ ವಿಸ್ಕಿ ತಂದಿತು. ಓಕ್ ಪೀಪಾಯಿಗಳಲ್ಲಿ ಮಾಗಿದ ವಿಸ್ಕಿಯನ್ನು ಪೋರ್ಟ್ ಪೈಪ್‌ಗೆ ಹಾಕಿ, ಮತ್ತೆ ಬರ್ಬನ್ ಪೀಪಾಯಿಗೆ ತರುವ ಕ್ರಮ ಅದರದು.

ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಗಡಿಯಾರ ಬೇರೆ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಶೇಕಡಾ ಆವಿಯಾಗಿ ಹೋದರೆ ನಮ್ಮಲ್ಲಿ 10 ಶೇಕಡಾ ಅಥವಾ ಅದಕ್ಕೂ ಹೆಚ್ಚು. ಅಲ್ಲಿನವರು ಇದನ್ನು ದೇವತೆಗಳ ಪಾಲು ಎನ್ನುತ್ತಾರೆ, ನಮ್ಮ ದೇವತೆಗಳಿಗೆ ಬಾಯಾರಿಕೆ ಹೆಚ್ಚು. ಸೆಖೆಯಲ್ಲಿ ಮರ ಬೇಗ ಬಿಟ್ಟುಕೊಡುತ್ತದೆ. ಹಾಗಾಗಿ ಅಲ್ಲಿ ಹನ್ನೆರಡು ವರ್ಷಕ್ಕೆ ಬರುವ ಹದ ಇಲ್ಲಿ ನಾಲ್ಕೈದು ವರ್ಷಕ್ಕೇ ಬರಬಹುದು. ವಯಸ್ಸಿನ ಅಂಕಿ ದೊಡ್ಡದಿದ್ದರೆ ಮಾತ್ರ ಒಳ್ಳೆಯದು ಎಂದು ನಂಬಿದ್ದ ಮಾರುಕಟ್ಟೆಗೆ ಇದನ್ನು ಬಿಡಿಸಿ ಹೇಳಬೇಕಾಯಿತು. ಹೇಳಿದರು, ಜಗತ್ತು ಒಪ್ಪಿತು. ಪೀಪಾಯಿಯ ಇತಿಹಾಸವನ್ನು ಮುಚ್ಚಿಡದೆ ಹೇಳಿದ್ದೂ ಆ ಒಪ್ಪಿಗೆಗೆ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಡೌರೊ ಈಗ ಶಾಂತ ನದಿ. 1976ರಲ್ಲಿ ವಲೇರಾದಲ್ಲಿ ಅಣೆಕಟ್ಟು ಬಂತು, ಆ ಸೆಳೆತ ನೀರಿನಡಿಗೆ ಹೋಯಿತು. ವೈನ್ ಲಾರಿಗಳಲ್ಲಿ ಬರುತ್ತದೆ. ಗಾಯಾ ದಡದಲ್ಲಿ ಕಟ್ಟಿರುವ ರಬೇಲೊ ದೋಣಿಗಳು ಪ್ರವಾಸಿಗರ ಕ್ಯಾಮರಾಕ್ಕೆ. ಅದೇ ನದಿಯ ಮೇಲೆ ವಿಹಾರದ ಹಡಗುಗಳು ವಲೇರಾವನ್ನು ಸರಾಗವಾಗಿ ದಾಟುತ್ತವೆ. ಫಾರೆಸ್ಟರ್ ಗುರುತು ಮಾಡಿದ ಬಂಡೆ, ಸುಳಿಗಳು ಎಷ್ಟೋ ಈಗ ಆ ನದಿಯಲ್ಲಿ ಕಾಣುವುದಿಲ್ಲ. ಅವು ಎಲ್ಲಿದ್ದವು ಎಂದು ತಿಳಿಯಬೇಕಾದರೆ ನೋಡಬೇಕಾದದ್ದು 1848ರ ಆ ನಕ್ಷೆಯನ್ನೇ.